ಐದಾಳಿನ ಭಾರಕ್ಕೆ ಹೊಂದಿಸಿದ ಚಕ್ರ

ಕಾರಿನ ಎತ್ತರ ಬದಲಿಸಿದ ಮೇಲೆ ಚಕ್ರ ನೇರ ಮಾಡುವ ಮೊದಲು ಮೇಸ್ತ್ರಿಯಾದವನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇದರಲ್ಲಿ ಎಷ್ಟು ಜನ ಕೂರುತ್ತಾರೆ? ನಾನು ಕೇಳಿದ್ದೆ. ಡಾಕ್ಟರು ಉತ್ತರವನ್ನೂ ಕೊಟ್ಟಿದ್ದರು. ಅವರು ಹೇಳಿದ ಸಂಖ್ಯೆ ಸುಳ್ಳಾಗಿರಲಿಲ್ಲ. ಇಷ್ಟು ವರ್ಷವಾದರೂ ನನ್ನ ಹೊಟ್ಟೆ ಉರಿಸುವುದು ಅದೇ.

ಆಗ ನಾನು ಮಲಯಾಳ ಸೀಮೆಯ ಪನಮರಂನ ಒಂದು ವರ್ಕ್‌ಶಾಪಿನಲ್ಲಿದ್ದೆ. ಯಜಮಾನರನ್ನು ಊರೆಲ್ಲ ಆಶಾನ್ ಎನ್ನುತ್ತಿತ್ತು, ಮಲಯಾಳದಲ್ಲಿ ಗುರು ಅಂತ ಅರ್ಥ. ತಿರುನೆಲ್ಲಿ ಕಡೆಯ ಕಾಡಿನಲ್ಲಿ ನಕ್ಸಲರಿದ್ದಾರೆ ಎಂದು ಪೊಲೀಸ್ ಕ್ಯಾಂಪುಗಳು ಬಂದು ಕೂತಿದ್ದ ಕಾಲ ಅದು. ಗದ್ದೆಯಲ್ಲಿ ಪಾಲು ಕೇಳಿದವನೂ ನಕ್ಸಲ, ಕೂಲಿಗೆ ಕೊಡುವ ಭತ್ತದ ಕೊಳಗ ಚಿಕ್ಕದಾಗಿದೆ ಅಂದವನೂ ನಕ್ಸಲ. ಕಾಡಿನಂಚಿನ ಆದಿವಾಸಿ ಹಾಡಿಗಳಲ್ಲಿ ಜೀಪಿನ ಸದ್ದು ಕೇಳಿತೆಂದರೆ ಗಂಡಸರು ಒಲೆಯ ಮೇಲಿನ ಗಂಜಿಯನ್ನೂ ಬಿಟ್ಟು ಕಾಡಿಗೆ ಓಡುತ್ತಿದ್ದರು. ಜೀಪಿನ ಸದ್ದು ಅಂದರೆ ಪೊಲೀಸು. ಅಷ್ಟು ಕಡಿದಾದ ದಾರಿಯಲ್ಲಿ ಬೇರೆ ಯಾವ ಬಂಡಿಯೂ ಹತ್ತುತ್ತಿರಲಿಲ್ಲ.

ಡಾಕ್ಟರು ಎಸ್ಟೇಟಿನ ಆಸ್ಪತ್ರೆಯವರು, ಗುಂಡ್ಲುಪೇಟೆ ಕಡೆಯಿಂದ ಬಂದಿದ್ದವರು. ನಮ್ಮ ಮನೆಯವರೂ ಮೂರು ತಲೆಮಾರಿನ ಹಿಂದೆ ಆ ಕಡೆಯಿಂದಲೇ ಬಂದು ಇಲ್ಲಿ ಬೇಸಾಯ ಹಿಡಿದವರು. ಶಾಲೆ, ಕಚೇರಿ, ಅಂಗಡಿ ಎಲ್ಲ ಮಲಯಾಳ. ಹಗಲೆಲ್ಲ ಮಲಯಾಳ ಆಡಿ ದಣಿದ ನಾಲಿಗೆಗೆ ಡಾಕ್ಟರ ಕನ್ನಡ ಕೇಳಿದರೆ ಹಿತವಾಗುತ್ತಿತ್ತು. ನಮ್ಮ ತಾಯಿಗೆ ಜ್ವರ ನೆತ್ತಿಗೇರಿದಾಗ ಅವರು ಮೂರು ದಿನ ಮನೆಗೇ ಬಂದು ಚುಚ್ಚುಮದ್ದು ಕೊಟ್ಟಿದ್ದರು. ಸುಮ್ಮನೆ ಹೇಳುತ್ತಿಲ್ಲ, ಅವರನ್ನು ನಾನು ಬಹಳ ಹಚ್ಚಿಕೊಂಡಿದ್ದೆ.

ಅವರಲ್ಲಿ ಒಂದು ಹಳೆಯ ಅಂಬಾಸಿಡರ್ ಇತ್ತು. ಪೇಟೆಯ ಓಡಾಟಕ್ಕೆ ಮೋಟರ್‌ಸೈಕಲ್ಲು, ಕಾರು ಹೆಚ್ಚಾಗಿ ಶೆಡ್ಡಿನಲ್ಲೇ. ಒಂದು ಬೆಳಗ್ಗೆ ಅದನ್ನು ವರ್ಕ್‌ಶಾಪಿನ ಮುಂದೆ ನಿಲ್ಲಿಸಿ ಕೇಳಿದರು:

"ಮೇಸ್ತ್ರಿ, ಇದನ್ನ ಹಾಡಿ ತನಕ ಹತ್ತಿಸೋಕಾಗುತ್ತಾ?"

ಅವರು ಹೇಳಿದ ಹಾಡಿ ಪನಮರಂನಿಂದ ಏಳು ಮೈಲಿ. ಕೊನೆಯ ಎರಡು ಮೈಲಿ ಮಣ್ಣಿನ ದಾರಿ, ಅದರ ನಡುವೆ ಒಂದು ಹಳ್ಳ, ನಾವು ತೋಡು ಅನ್ನುತ್ತೇವೆ, ತೋಡು ದಾಟಿದ ಕೂಡಲೇ ದಾರಿಗೆ ಅಡ್ಡಲಾಗಿ ಆಮೆಯ ಬೆನ್ನಿನ ಹಾಗೆ ಎದ್ದ ಒಂದು ಬಂಡೆ. ಕಾರು ಹೋದರೆ ಆ ಬಂಡೆಗೆ ಹೊಟ್ಟೆ ಕೊಟ್ಟು ಕೂರುತ್ತದೆ.

"ಬಂಡೆ ಇದೆಯಲ್ಲ ಡಾಕ್ಟ್ರೇ."

"ಅದಕ್ಕೇ ಕೇಳಿದ್ದು. ಹೋದ ಮಳೆಗಾಲದಲ್ಲಿ ಒಬ್ಬಳು ಹೆರಿಗೆಗೆ ಅಂತ ಹೊರಟವಳು ದಾರೀಲೇ ಹೋಗ್ಬಿಟ್ಲು. ವಾರಕ್ಕೊಂದು ಸಲ ನಾನೇ ಔಷಧಿ ತಗೊಂಡು ಮೇಲೆ ಹೋದ್ರೆ? ಕಾರು ಎತ್ತರ ಮಾಡಿಕೊಡು."

ಆ ಹಾಡಿಯವರು ಆಡುವ ಮಾತೂ ಕನ್ನಡದ ಹತ್ತಿರದ್ದೇ, ಅಲ್ಲಲ್ಲಿ ಮಲಯಾಳ ಬೆರೆತದ್ದು. ಅವರಲ್ಲಿ ಒಬ್ಬ ಅಜ್ಜ ನನಗೆ ಚೆನ್ನಾಗಿ ಗೊತ್ತಿದ್ದ. ಸುಗ್ಗಿಯಲ್ಲಿ ಮನೆಯವರೊಂದಿಗೆ ಪೇಟೆಗೆ ಇಳಿದು, ವರ್ಕ್‌ಶಾಪಿನ ಪಕ್ಕದ ಅಕ್ಕಿ ಮಿಲ್ಲಿನಲ್ಲಿ ಭತ್ತ ಒಣಗಿಸುವ ಕೆಲಸ ಮಾಡುತ್ತಿದ್ದ. ಅವನ ಮಗ, ಸೊಸೆಯೂ ಬರುತ್ತಿದ್ದರು. ಡಾಕ್ಟರ ಮಾತು ಕೇಳಿ ನನಗೆ ಹೆಮ್ಮೆಯಾಯಿತು. ನಮ್ಮ ಮಾತಿನ ಒಬ್ಬ ದೊಡ್ಡ ಮನುಷ್ಯ ನಮ್ಮ ಮಾತಿನ ಬಡವರ ಬಗ್ಗೆ ಯೋಚಿಸಿದನಲ್ಲ ಅಂತ. ಎರಡು ದಿನ ಬಿಡಿ ಅಂದೆ.

ಆ ಕಾರಿನ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಇರಲಿಲ್ಲ. ಎರಡೂ ಕಡೆ ಉದ್ದನೆಯ ಉಕ್ಕಿನ ಕಂಬಿ, ಅದು ತಿರುಚಿಕೊಂಡು ಭಾರ ಹೊರುತ್ತದೆ. ಟಾರ್ಶನ್ ಬಾರ್ ಎನ್ನುತ್ತೇವೆ. ಕಂಬಿಯ ತುದಿಯಲ್ಲಿ ಸುತ್ತ ಸಣ್ಣ ಹಲ್ಲುಗಳು. ಜ್ಯಾಕ್ ಕೊಟ್ಟು ಭಾರ ಇಳಿಸಿ, ಕಂಬಿಯ ತುದಿ ಕಚ್ಚಿಕೊಂಡಿರುವ ಹಿಡಿ ಬಿಚ್ಚಿ, ಒಂದು ಹಲ್ಲು ಸರಿಸಿ ಮತ್ತೆ ಕೂರಿಸಿದರೆ ಕಾರಿನ ಮುಂಭಾಗ ಏಳುತ್ತದೆ. ಹಿಂದೆ ಪಟ್ಟಿ ಸ್ಪ್ರಿಂಗ್, ಅದಕ್ಕೆ ಒಂದು ಪಟ್ಟಿ ಜಾಸ್ತಿ ಸೇರಿಸಿದರೆ ಸಾಕು.

ಹೇಳುವುದಕ್ಕೆ ಸುಲಭ. ಬಲಗಡೆ ಒಂದು ಹಲ್ಲಿಗೆ ಮೂರು ಬೆರಳು ಎದ್ದಿತು, ಎಡಗಡೆ ಎರಡೇ ಬೆರಳು. ಎಡಗಡೆಯ ಕಂಬಿ ವರ್ಷಗಟ್ಟಲೆ ಭಾರ ಹೊತ್ತು ಸೋತಿತ್ತು. ಇನ್ನೊಂದು ಹಲ್ಲು ಸರಿಸಿದರೆ ಆ ಕಡೆ ತೀರಾ ಎತ್ತರ. ಎರಡು ಸಲ ಬಿಚ್ಚಿದೆ, ಎರಡು ಸಲ ಕಟ್ಟಿದೆ. ಆಮೇಲೆ ಹಿಡಿಯ ಪಕ್ಕದ ತಗಡಿನಲ್ಲಿ ಸಣ್ಣ ಹೊಂದಾಣಿಕೆಗೆಂದು ಇರುವ ತೂತುಗಳಲ್ಲಿ ಬೋಲ್ಟ್ ಬದಲಿಸುತ್ತಾ ಬದಲಿಸುತ್ತಾ ಎರಡೂ ಕಡೆ ಸಮಕ್ಕೆ ತಂದೆ. ಮೊದಲ ದಿನ ಅದರಲ್ಲೇ ಮುಗಿಯಿತು. ಸ್ಟೇರಿಂಗಿನ ಕೊನೆಯ ರಾಡುಗಳ ತಿರುಪಿನ ಮರೆ ತುಕ್ಕು ಹಿಡಿದು ಕಲ್ಲಾಗಿತ್ತು, ಅದಕ್ಕೆ ಸೀಮೆಎಣ್ಣೆ ಬಟ್ಟೆ ಸುತ್ತಿಟ್ಟು ಮನೆಗೆ ಹೋದೆ.

ಮರುದಿನ ಚಕ್ರದ ಕೆಲಸ. ಕಾರು ಎತ್ತರವಾದರೆ ಚಕ್ರದ ತೋಳುಗಳು ಕೆಳಕ್ಕೆ ಜೋತು ಬೀಳುತ್ತವೆ, ಸ್ಟೇರಿಂಗಿನ ರಾಡುಗಳು ಓರೆಯಾಗುತ್ತವೆ, ಚಕ್ರ ಮೊದಲಿನ ಕಡೆ ನೋಡುವುದಿಲ್ಲ. ಈ ಕಾರಿನಲ್ಲಿ ಎರಡು ಚಕ್ರಗಳೂ ಮುಂದೆ ಹೊರಕ್ಕೆ ಬಾಯಿ ಬಿಟ್ಟಿದ್ದವು. ಹಾಗೇ ಓಡಿಸಿದರೆ ಟಯರ್ ತಿನ್ನುತ್ತದೆ, ಕಡಿದಾದ ದಾರಿಯಲ್ಲಿ ಕಾರು ಹೇಳಿದ ಮಾತು ಕೇಳುವುದಿಲ್ಲ.

ವರ್ಕ್‌ಶಾಪಿನ ನೆಲ ಹಳ್ಳಕೊಳ್ಳ. ಅಂಥ ಕೆಲಸಕ್ಕೆಲ್ಲ ನಾನು ಮಿಲ್ಲಿನ ಕಣಕ್ಕೇ ಕಾರು ಒಯ್ಯುತ್ತಿದ್ದೆ. ಭತ್ತ ಒಣಗಿಸುವ ಸಿಮೆಂಟಿನ ಕಣ, ಗಾರೆಯವನು ನೀರಿನ ಮಟ್ಟ ಹಿಡಿದು ಮಾಡಿದ್ದು. ಒಂದು ಮೂಲೆಯ ಭತ್ತ ಗುಡಿಸಿಕೊಟ್ಟರು. ಕಾರಿನ ಎರಡೂ ಪಕ್ಕಕ್ಕೆ ಕಬ್ಬಿಣದ ಗೂಟಗಳಿಗೆ ದಾರ ಬಿಗಿದೆ. ದಾರದಿಂದ ಚಕ್ರದ ಮುಂದಿನ ಅಂಚಿಗೊಂದು ಅಳತೆ, ಹಿಂದಿನ ಅಂಚಿಗೊಂದು ಅಳತೆ. ಎರಡಕ್ಕೂ ಇರುವ ವ್ಯತ್ಯಾಸ ನೋಡಿ ರಾಡು ತಿರುಗಿಸಬೇಕು. ಪ್ರತಿ ಸಲ ತಿರುಗಿಸಿದ ಮೇಲೆ ಕಾರನ್ನು ಮುಂದೆ ತಳ್ಳಿ, ಬಾನೆಟ್ಟು ಒತ್ತಿ ಕುಣಿಸಿ, ಮತ್ತೆ ಅಳೆಯಬೇಕು. ನಿಂತಲ್ಲೇ ಅಳೆದರೆ ಚಕ್ರ ಸುಳ್ಳು ಹೇಳುತ್ತದೆ. ನಮ್ಮ ಲೆಕ್ಕ ಇಂಚಿನಲ್ಲಲ್ಲ, ನೂಲಿನಲ್ಲಿ. ಎಂಟು ನೂಲಿಗೆ ಒಂದಿಂಚು. ಚಕ್ರಗಳು ಮುಂದೆ ಅರ್ಧ ನೂಲು ಒಳಕ್ಕೆ ನೋಡಬೇಕು.

ಖಾಲಿ ಕಾರಿಗೆ ಅರ್ಧ ನೂಲು ತಂದೆ. ಆಮೇಲೆ ಸುಮ್ಮನೆ ಪರೀಕ್ಷೆಗೆ ಅಂತ ನಾನೂ ಆಶಾನೂ ಒಳಗೆ ಕೂತು, ಎದ್ದು ಬಂದು ಅಳೆದರೆ ಎಲ್ಲ ಕೆಟ್ಟಿತ್ತು. ಎತ್ತರಿಸಿದ ಕಾರಿನ ತೊಂದರೆಯೇ ಇದು. ರಾಡು ಓರೆಯಾದಷ್ಟೂ ಭಾರ ಬಿದ್ದಾಗ ಚಕ್ರ ಹೆಚ್ಚು ತಿರುಗುತ್ತದೆ. ಖಾಲಿಗೆ ಹೊಂದಿಸಿದರೆ ಭಾರಕ್ಕೆ ಕೆಡುತ್ತದೆ, ಭಾರಕ್ಕೆ ಹೊಂದಿಸಿದರೆ ಖಾಲಿಗೆ. ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು.

ಮಧ್ಯಾಹ್ನ ಡಾಕ್ಟರು ಬಂದಾಗ ಕೇಳಿದೆ. "ಎಷ್ಟಾಳಿಗೆ ಇಡಲಿ ಡಾಕ್ಟ್ರೇ? ನೀವು, ಕಂಪೌಂಡರ್, ಇಬ್ಬರು ತಾನೆ?"

ಅವರು ಕಣದ ಆಚೆ ನೋಡಿದರು.

"ಐದಾಳಿಗೆ ಇಡು."

"ಐದಾ?"

"ರೋಗಿ ಒಬ್ಬರೇ ಬರ್ತಾರಾ ಮೇಸ್ತ್ರಿ? ಗಂಡ, ಅತ್ತೆ, ನಾದಿನಿ, ಎಲ್ಲ ಹತ್ತಿಕೊಳ್ತಾರೆ."

ನಾನು ನಕ್ಕೆ. ನಿಜ ಅನ್ನಿಸಿತು. ಅವರು ಹೋದ ಮೇಲೆ ಆಶಾನ್ ಬೀಡಿ ಹಚ್ಚಿ, "ರೋಗಿ ಇಳಿಯುವಾಗ ತಾನೇ ಐದು ಜನ? ಹತ್ತುವಾಗ ಇಬ್ಬರೇ. ಹತ್ತೋದಕ್ಕಲ್ಲವಾ ಚಕ್ರ ನೇರ ಬೇಕಾದ್ದು, ಎಡೋ ಮಾರಾಯ?" ಅಂದರು.

"ಡಾಕ್ಟರು ಹೇಳಿದ್ದಾರೆ ಆಶಾನೇ," ಅಂದೆ. ಅಷ್ಟೇ ನನ್ನ ಉತ್ತರ. ಪ್ರಶ್ನೆ ಕೈಗೆ ಬಂದಿತ್ತು, ನಾನೇ ಬಿಸಾಡಿದೆ.

ಐದಾಳಿನ ಭಾರಕ್ಕೆ ಮರಳಿನ ಚೀಲ ಹುಡುಕಲು ಹೊರಟವನಿಗೆ ಕಣದಲ್ಲಿ ಭತ್ತ ಕೈಯಾಡಿಸುತ್ತಿದ್ದ ಅಜ್ಜ ಕಂಡ. ಬೇಸಾಯ ಮಾಡುವವನ ತಲೆ, ಭಾರ ಅಂದರೆ ಆಳು ಅಂತಲೇ ಹೊಳೆಯುತ್ತದೆ.

"ಅಜ್ಜ, ಸ್ವಲ್ಪ ಕಾರಲ್ಲಿ ಕೂತ್ಕೊಳ್ತೀರಾ? ಐದು ಜನ ಬೇಕು."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ನೆ ಕೂರೋದು."

ಅಜ್ಜನಿಗೆ ನಗು ತಡೆಯಲಾಗಲಿಲ್ಲ. "ಕೇಳಿದ್ಯೇನೋ, ಎಲ್ಲಿಗೂ ಹೋಗದ ವಂಡಿಗೆ ನಮ್ಮನ್ನ ಕರೀತವ್ನೆ ಮೇಸ್ತ್ರಿ," ಅಂತ ಮಗನನ್ನು ಕೂಗಿದ. ವಂಡಿ ಅಂದರೆ ಬಂಡಿ. ಅಜ್ಜ, ಮಗ, ಅವರ ಕಡೆಯ ಇನ್ನೂ ಮೂವರು ಗಂಡಸರು ಕಾಲಿನ ಹೊಟ್ಟು ಒರೆಸಿಕೊಂಡು ಒಳಗೆ ಕೂತರು. ಮಗ ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದುಕೊಂಡ. ಆಗ ಮೂರು ತಿಂಗಳ ಬಸುರಿಯಾಗಿದ್ದ ಅವನ ಹೆಂಡತಿ ಮೊರ ಹಿಡಿದು ನಿಂತು, "ಮೈಸೂರಿಗೆ ಹೋಗ್ಬುಟ್ಟು ಬನ್ನಿ," ಅಂತ ಛೇಡಿಸಿದಳು. ನಾನು ಕೆಳಗೆ ಮಲಗಿ ರಾಡು ತಿರುಗಿಸಿದೆ. ಅವರು ಅಲುಗದೆ ಕೂತಿದ್ದರು, ಫೋಟೋ ತೆಗೆಸಿಕೊಳ್ಳುವವರ ಹಾಗೆ. ನಾಲ್ಕು ಸಲ ಇಳಿಸಿದೆ, ನಾಲ್ಕು ಸಲ ಹತ್ತಿಸಿದೆ. ಕೊನೆಗೆ ಅವರ ಐವರ ಭಾರಕ್ಕೆ ಚಕ್ರ ಅರ್ಧ ನೂಲಿಗೆ ಬಂದು ನಿಂತಿತು.

ಕಾರು ಒಪ್ಪಿಸುವಾಗ ಡಾಕ್ಟರಿಗೆ ಹೇಳಿದೆ: "ಇದು ಐದಾಳಿನ ಹೊಂದಾಣಿಕೆ. ಇಬ್ಬರೇ ಓಡಾಡಿದ್ರೆ ಟಯರ್ ತಿನ್ನುತ್ತೆ. ಎರಡು ತಿಂಗಳಿಗೊಮ್ಮೆ ತಂದು ತೋರಿಸಿ."

ಮೊದಲ ಸಲ ಹಾಡಿಗೆ ನಾನೂ ಜೊತೆಗೆ ಹೋದೆ. ಕಾರು ತೋಡು ದಾಟಿ, ಬಂಡೆಯ ಮೇಲೆ ಒಂದು ಗೀರೂ ಆಗದೆ ಹತ್ತಿತು. ಹಾಡಿಯ ಗಂಡಸರು ಅರ್ಧ ಎದ್ದು ನಿಂತಿದ್ದರು, ಓಡುವುದೋ ಬೇಡವೋ ಅಂತ. ನಾನು ಬಾಗಿಲು ತೆಗೆದು ಇಳಿದು ಹೇಳಿದೆ: "ಹೆದರಬೇಡಿ. ಇವರು ನಮ್ಮ ಮಾತಿನವರು."

ಡಾಕ್ಟರು ಕನ್ನಡದಲ್ಲೇ ಎಲ್ಲರ ನೋವು ಕೇಳಿದರು. ಅಜ್ಜನ ಸೊಸೆಯ ಕೈ ಹಿಡಿದು ನಾಡಿ ನೋಡಿ, "ನಿನ್ನ ಹೆರಿಗೆಗೆ ಈ ಕಾರೇ ಬರುತ್ತೆ," ಅಂದರು. ಆ ದಿನದಿಂದ ಹಾಡಿಯಲ್ಲಿ ಅದಕ್ಕೆ ಮದ್ದಿನ ವಂಡಿ ಅಂತ ಹೆಸರಾಯಿತು. ಆ ಸದ್ದಿಗೆ ಯಾರೂ ಓಡಬಾರದು ಅಂತ ಅಜ್ಜನೇ ಎಲ್ಲರಿಗೂ ಹೇಳಿದನಂತೆ.

ಮೂರು ತಿಂಗಳಾಗಿರಬೇಕು. ಮಿಲ್ಲಿಗೆ ಹಾಡಿಯವರು ಬರುವುದು ನಿಂತುಹೋಯಿತು. ಕೆಲಸ ಬೇರೆ ಕಡೆ ಸಿಕ್ಕಿರಬೇಕು ಅಂದುಕೊಂಡೆ. ಒಂದು ದಿನ ಸಂತೆಯಲ್ಲಿ ಆ ಹಾಡಿಯ ಒಬ್ಬ ಹೆಂಗಸು ಎದುರಾದಳು, ಮಾತಾಡಿಸಿದೆ. ಅವಳು ನನ್ನ ಮುಖ ನೋಡಿ, ನೆಲಕ್ಕೆ ಉಗಿದು, ಆಚೆ ಹೋದಳು. ಎಲೆ ಅಡಿಕೆಯ ಉಗುಳೋ, ನನಗೇ ಉಗಿದದ್ದೋ ಅಂತ ಸಂಜೆತನಕ ತಲೆ ಕೆಡಿಸಿಕೊಂಡೆ.

ಅದೇ ವಾರ ಕಾರು ಬಂತು. ಕಂಪೌಂಡರ್ ತಂದು ಬಿಟ್ಟು, ಎಡಕ್ಕೆ ಎಳೆಯುತ್ತಿದೆ, ಚಕ್ರ ನೋಡಬೇಕಂತೆ, ಡಾಕ್ಟರು ಎರಡು ದಿನ ಬಿಟ್ಟು ಬರುತ್ತಾರೆ ಅಂದ. ಹಾಗೇ ಮುಂಭಾಗ ಇನ್ನೊಂದು ಹಲ್ಲು ಎತ್ತಬೇಕಂತೆ.

ಅಳತೆಯ ಮೊದಲು ನಾನು ಯಾವಾಗಲೂ ಟಯರಿನ ಮೇಲೆ ಅಂಗೈ ಆಡಿಸುತ್ತೇನೆ. ಹೊಂದಾಣಿಕೆಗಿಂತ ಕಡಿಮೆ ಭಾರದಲ್ಲಿ ಓಡಿದ ಟಯರು ಕೈಗೆ ಗೊತ್ತಾಗುತ್ತದೆ. ಒಂದು ಕಡೆಗೆ ಸವರಿದರೆ ನುಣುಪು, ಇನ್ನೊಂದು ಕಡೆಗೆ ಸವರಿದರೆ ಗರಗಸದ ಹಲ್ಲು. ಡಾಕ್ಟರೂ ಕಂಪೌಂಡರೂ ಇಬ್ಬರೇ ವಾರವಾರ ಹೋಗಿದ್ದರೆ ಈ ಟಯರು ನನ್ನ ಕೈ ಕೊಯ್ಯಬೇಕಿತ್ತು. ಎಡಕ್ಕೂ ಸವರಿದೆ, ಬಲಕ್ಕೂ ಸವರಿದೆ. ಎರಡೂ ಕಡೆ ನುಣುಪು. ಮೂರು ತಿಂಗಳಿಗೆ ಸವೆಯಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸವೆದಿತ್ತು, ಆದರೆ ಸಮನಾಗಿ ಸವೆದಿತ್ತು. ಎಡಕ್ಕೆ ಎಳೆಯುತ್ತಿದ್ದದ್ದು ಒಂದು ರಾಡು ಕಲ್ಲಿಗೆ ಬಡಿದು ಸ್ವಲ್ಪ ಬಾಗಿದ್ದರಿಂದ, ಅದೂ ಹೊಸ ಪೆಟ್ಟು. ಅಂದರೆ ಈ ಕಾರು ಹತ್ತುವಾಗಲೂ ಇಳಿಯುವಾಗಲೂ, ಹೆಚ್ಚಿನ ದಿನವೆಲ್ಲ, ಐದಾಳು ತುಂಬಿಕೊಂಡೇ ಹೋಗಿತ್ತು.

ನಾನು ಅಲ್ಲೇ ಚಕ್ರದ ಪಕ್ಕ ಕೂತುಬಿಟ್ಟೆ. ಆಶಾನ್ ಬಂದು ನೋಡಿ, ತಾವೂ ಅಂಗೈ ಆಡಿಸಿದರು. ಬೀಡಿ ಹಚ್ಚಲು ಹೋಗಿ ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡರು.

ಮರುದಿನ ಬೆಳಗ್ಗೆ ಬಸ್ಸಿಳಿದು ಹಾಡಿಗೆ ನಡೆದೇ ಹೋದೆ. ಅಜ್ಜ ಗುಡಿಸಲಿನ ಮುಂದೆ ಬಿದಿರು ಸೀಳುತ್ತಿದ್ದ. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹಿಂದೆಲ್ಲ ಹೋದ ಕೂಡಲೇ ಹಾಲಿಲ್ಲದ ಕಟ್ಟಂಚಾಯ ಬರುತ್ತಿತ್ತು. ಅವತ್ತು ಒಲೆಯ ಮುಂದೆ ಕೂತಿದ್ದ ಸೊಸೆ ತಿರುಗಿಯೂ ನೋಡಲಿಲ್ಲ. ಅವಳ ಹೊಟ್ಟೆ ಆಗಲೇ ಮುಂದೆ ಬಂದಿತ್ತು.

"ಏನಾಯ್ತು ಅಜ್ಜ?" ಅಂದೆ.

"ನಿನಗೆ ಗೊತ್ತಿಲ್ವಾ?"

"ಇಲ್ಲ."

ಅವನು ಕತ್ತಿ ಕೆಳಗಿಟ್ಟ. "ಜೀಪಿನ ಸದ್ದಾದ್ರೆ ನಾವು ಓಡ್ತೀವಿ, ಅದು ಅವರಿಗೂ ಗೊತ್ತು. ಬುಧವಾರ ಮದ್ದಿನ ದಿವಸ. ವಂಡಿ ಸದ್ದು ಬಂತು, ಹೆಂಗಸ್ರು ಶೀಸೆ ತಕ್ಕೊಂಡು ನಿಂತ್ರು. ನನ್ನ ಮಗ ಬಂಡೆತನಕ ಎದುರಿಗೆ ಹೋದ, ಮದ್ದಿನ ಪೆಟ್ಟಿಗೆ ಹೊರೋಕೆ. ಬಾಗಿಲು ತೆಗೆದ್ರೆ ಐದೂ ಜನ ಪೊಲೀಸು. ಕಾಕಿ ಚಡ್ಡಿ ಇಲ್ಲ, ಟೊಪ್ಪಿ ಇಲ್ಲ, ಮಾಮೂಲು ಬಟ್ಟೆ. ಕಾಡಿನವರಿಗೆ ಅಕ್ಕಿ ಕೊಟ್ಟೆ ಅಂತ ಹಿಡಕೊಂಡು ಹೋದ್ರು."

"ಡಾಕ್ಟರು?"

"ಡಾಕ್ಟರು ಇರಲಿಲ್ಲ. ವಂಡಿ ಇತ್ತು." ಕೈಗೆ ಚುಚ್ಚಿದ ಬಿದಿರಿನ ಸಿಬಿರು ಕಿತ್ತೆಸೆದು, "ಈ ಹಾಡಿಗೆ ಒಂದೇ ಸಲ. ತಿರುನೆಲ್ಲಿ ದಾರಿಯ ಹಾಡಿಗಳಿಗೆ ಎಷ್ಟು ಸಲವೋ. ಮದ್ದಿನ ವಂಡಿ ಅಂತ ಸರಿಯಾಗೇ ಹೆಸರಿಟ್ಟಿದ್ವಿ. ಕೋವಿಗೆ ತುಂಬೋದನ್ನೂ ಮದ್ದು ಅಂತಲೇ ಅಲ್ವಾ ಅನ್ನೋದು," ಅಂದ.

ಮಗ ಹೊರಗೆ ಬಂದ. ಹದಿನೈದು ದಿನ ಇಟ್ಟುಕೊಂಡು ಬಿಟ್ಟಿದ್ದರಂತೆ. ಗೋಡೆ ಹಿಡಿದು ನಡೆಯುತ್ತಿದ್ದ. ಎಡ ಪಾದ ಹೊರಕ್ಕೆ ತಿರುಗಿಕೊಂಡಿತ್ತು. ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ, ಅಳತೆ ಹಾಕುವ ಕಣ್ಣು, ಅದಕ್ಕೆ ನಾಚಿಕೆ ಇಲ್ಲ. ಅವನ ಮುಖ ನೋಡಲು ನನಗೆ ಆಗಲಿಲ್ಲ.

"ಅವತ್ತು ಕಣದಲ್ಲಿ ನಮ್ಮ ಐದು ಜನಾನ ಕೂರಿಸಿದ್ಯಲ್ಲ ಮೇಸ್ತ್ರಿ," ಅಂದ ಅಜ್ಜ, "ಅದು ಅವರ ಐದು ಜನಕ್ಕೆ ಅಳತೆಯಾ?"

"ನನಗೆ ಗೊತ್ತಿರಲಿಲ್ಲ ಅಜ್ಜ. ದೇವರಾಣೆ ಗೊತ್ತಿರಲಿಲ್ಲ."

"ಇರಲಿಕ್ಕಿಲ್ಲ. ಆದ್ರೂ ಅಳತೆ ಸರಿಯಾಗಿತ್ತು."

ಕತ್ತಿ ಎತ್ತಿಕೊಂಡು ಮತ್ತೆ ಬಿದಿರು ಸೀಳತೊಡಗಿದ. ನಾನು ಹೊರಟೆ. ದಾರಿಯುದ್ದಕ್ಕೂ ಬಂಡೆಯ ತನಕ ನೆಲದಲ್ಲಿ ಒಣಗಿದ ಚಕ್ರದ ಗುರುತು ಇತ್ತು. ಎಲ್ಲೂ ಜಾರಿರಲಿಲ್ಲ, ಎಲ್ಲೂ ಓಲಾಡಿರಲಿಲ್ಲ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಶುದ್ಧವಾದ ಕೆಲಸ ಅದು. ಅದರ ಮೇಲೆ ಕಾಲಿಡದೆ ದಾರಿಯ ಅಂಚಿನಲ್ಲೇ ನಡೆದೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ರಾಡು ಸಡಿಲ ಬಿಟ್ಟು ಕೊಡಬಹುದಿತ್ತು. ಇಳಿಜಾರಿನಲ್ಲಿ ಎಲ್ಲಾದರೂ ಕಾರು ಕೈತಪ್ಪುತ್ತದೆ, ಒಳಗೆ ಯಾರಿರುತ್ತಾರೋ ಅವರು ಹೋಗುತ್ತಾರೆ. ಆ ಯೋಚನೆ ಬಂದದ್ದು ನಿಜ, ಮುಚ್ಚಿಡುವುದಿಲ್ಲ. ಆದರೆ ಸುಳ್ಳು ಚಕ್ರ ಮಾಡಿಕೊಡಲು ನನ್ನ ಕೈ ಏಳದು. ಉಳಿದದ್ದು ಒಂದೇ ದಾರಿ, ಎತ್ತರ ಇಳಿಸಿಬಿಡುವುದು. ಬಂಡೆಯ ಹತ್ತಿರ ಕಾರು ನಿಲ್ಲಬೇಕು. ಹಾಗೆ ಮಾಡಿದರೆ ಪೊಲೀಸರು ಮತ್ತೆ ಜೀಪಿನಲ್ಲೇ ಬರಬೇಕಾಗುತ್ತದೆ, ಸದ್ದಾದರೂ ಕೇಳುತ್ತದೆ. ಆದರೆ ಆ ಸೊಸೆಗೆ ದಿನ ತುಂಬಿದಾಗ? ಅವಳಿಗೂ ಕಾರು ಬಾರದು. ಪನಮರಂ ಬಂದರೂ ಇಳಿಯದೆ ಕೂತಿದ್ದೆ, ಕಂಡಕ್ಟರ್ ಬೈದು ಇಳಿಸಿದ.

ಸಂಜೆಯೇ ಶುರು ಮಾಡಿದೆ. ಮೊದಲು ಬಾಗಿದ ರಾಡನ್ನು ಕಾಯಿಸಿ ನೇರ ಮಾಡಿದೆ. ಹಿಂದಿನ ಜಾಸ್ತಿ ಪಟ್ಟಿ ತೆಗೆದೆ. ಮುಂದಿನ ಕಂಬಿಗಳನ್ನು ಎತ್ತುವ ಬದಲು ಒಂದೊಂದು ಹಲ್ಲು ಹಿಂದಕ್ಕೆ ತಂದೆ. ಆಶಾನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಎತ್ತೋಕೆ ಹೇಳಿದ್ದಲ್ಲವಾ?"

"ಕಂಪನಿ ಎತ್ತರಕ್ಕೆ ತರ್ತಿದ್ದೀನಿ ಆಶಾನೇ."

"ಪೊಲೀಸು ಕೇಳಿದ್ರೆ?"

"ಹಾಗೇ ಹೇಳ್ತೀನಿ."

ಅವರು ಯೋಚಿಸಿ, "ಕಂಪನಿ ಎತ್ತರಕ್ಕೆ ಇಳಿಸಿದ್ರೆ ಯಾವ ಕೇಸು ಹಾಕ್ತಾರೆ ನೋಡೋಣ," ಅಂತ ಕಿವಿಯ ಬೀಡಿ ತೆಗೆದು ಹಚ್ಚಿದರು.

ಮರುದಿನ ಅದೇ ಕಣದಲ್ಲಿ ದಾರ ಬಿಗಿದೆ. ಈ ಸಲ ಯಾರನ್ನೂ ಕರೆಯಲಿಲ್ಲ. ಡ್ರೈವರ್ ಸೀಟಿನಲ್ಲಿ ಒಬ್ಬ ಆಳಿನ ತೂಕದ ಮರಳು ಚೀಲ ಇಟ್ಟು, ಒಬ್ಬನ ಭಾರಕ್ಕೆ ಅರ್ಧ ನೂಲು ಹೊಂದಿಸಿದೆ. ನಾನು ಮಾಡಿದ್ದರಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ.

ಡಾಕ್ಟರು ಬಂದವರು ಕಾರು ನೋಡಿದ ಕೂಡಲೇ ನಿಂತರು.

"ಇಳಿಸಿಬಿಟ್ಟಿದ್ದೀಯ."

"ಹೌದು ಡಾಕ್ಟ್ರೇ. ಹಾಡಿಗೆ ಹೋಗಿದ್ದೆ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನಕ್ಸಲರಿಗೆ ಔಷಧಿ ಕೊಡ್ತೀಯ ಅಂತ ನನ್ನನ್ನೇ ಒಳಗೆ ಹಾಕ್ತೀನಿ ಅಂದ್ರು. ಇಲ್ಲ ಕಾರು ಕೊಡು ಅಂದ್ರು. ನಾನೇನು ಮಾಡ್ಲಿ? ನನಗೂ ಹೆಂಡ್ತಿ ಮಕ್ಕಳಿಲ್ವಾ?"

"ಅದು ಯಾವಾಗ ಅಂದ್ರು? ಎತ್ತರ ಮಾಡಿಸೋಕೆ ಮುಂಚೆಯಾ, ಆಮೇಲಾ?"

ಅವರು ಕೀಗೆ ಕೈ ಚಾಚಿದರು.

"ಐದಾಳಿಗೆ ಇಡು ಅಂದ್ರಲ್ಲ ಡಾಕ್ಟ್ರೇ. ಆವಾಗ್ಲೇ ಗೊತ್ತಿತ್ತಲ್ಲ."

"ಮೊದಲೇ ಹೇಳಿದ್ರೆ ನೀನು ಮಾಡಿಕೊಡ್ತಿದ್ಯಾ?" ಅಂದರು. ಕೋಪದಲ್ಲಿ ಅನ್ನಲಿಲ್ಲ. ಮಗುವಿಗೆ ಕಹಿ ಔಷಧಿ ಕುಡಿಸುವಾಗ ಸಮಾಧಾನ ಹೇಳುವ ಅದೇ ಮೆತ್ತನೆಯ ಕನ್ನಡ. ನನ್ನ ತಾಯಿಯ ತಲೆದೆಸೆಯಲ್ಲಿ ಕೂತು ಆಡಿದ್ದೂ ಅದೇ ಕನ್ನಡ. ಕೀ ಅವರ ಕೈಗೆ ಕೊಟ್ಟು, "ಒಬ್ಬರ ಭಾರಕ್ಕೆ ಹೊಂದಿಸಿದ್ದೀನಿ. ಇನ್ನೊಬ್ಬರನ್ನ ಕೂರಿಸಿಕೊಂಡ್ರೆ ಟಯರ್ ತಿನ್ನುತ್ತೆ," ಅಂದೆ. ಅದಕ್ಕಿಂತ ಹೆಚ್ಚು ಬೈಯಲು ನನಗೆ ಬರಲಿಲ್ಲ.

ಅದರ ಮಾರನೆಯ ದಿನ ಒಂದು ಪೊಲೀಸ್ ಜೀಪು ವರ್ಕ್‌ಶಾಪಿನ ಎದುರು ಬಂದು ನಿಂತಿತ್ತು. ಯಾರೂ ಇಳಿಯಲಿಲ್ಲ. ನಾನು ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡು ಕಾದೆ. ಸ್ವಲ್ಪ ಹೊತ್ತಿನ ಮೇಲೆ ಜೀಪು ಹೋಯಿತು, ಮತ್ತೆ ಬರಲಿಲ್ಲ. ಎತ್ತರಿಸುವ ಕೆಲಸ ಅವರು ಬೇರೆಲ್ಲಿಯಾದರೂ ಮಾಡಿಸಿಕೊಂಡರೋ ಏನೋ ಅಂತ ಬಹಳ ದಿನ ಕಾದೆ. ಕಾರು ಇಳಿದ ಎತ್ತರದಲ್ಲೇ ಪೇಟೆಯಲ್ಲಿ ಓಡಾಡುವುದು ಕಣ್ಣಿಗೆ ಬೀಳುತ್ತಿತ್ತು. ಅಷ್ಟರಲ್ಲಿ ಆ ಸದ್ದಿಗೆ ಎಲ್ಲ ಹಾಡಿಗಳೂ ಓಡಲು ಕಲಿತಿದ್ದವಂತೆ, ಅವರಿಗೂ ಅದರಿಂದ ಇನ್ನು ಉಪಯೋಗವಿರಲಿಲ್ಲ.

ಮೂರು ತಿಂಗಳ ನಂತರ ಒಂದು ಬೆಳಗ್ಗೆ, ಹತ್ತು ಗಂಟೆ ಹೊತ್ತು, ರಸ್ತೆಯ ತಿರುವಿನಲ್ಲಿ ಜನ ಕಂಡರು. ಉದ್ದನೆಯ ಬಿದಿರಿಗೆ ಕಂಬಳಿ ಕಟ್ಟಿ ಜೋಲಿ ಮಾಡಿದ್ದರು, ಮುಂದೆ ಇಬ್ಬರು ಹಿಂದೆ ಇಬ್ಬರು ಹೊತ್ತಿದ್ದರು. ಜೋಲಿಯಲ್ಲಿ ಅಜ್ಜನ ಸೊಸೆ. ಅಜ್ಜ ಪಕ್ಕದಲ್ಲಿ, ಮಗ ಕೋಲೂರಿಕೊಂಡು ಹಿಂದೆ. ಏಳು ಮೈಲಿಯಲ್ಲಿ ಆರು ಮುಗಿಸಿದ್ದರು. ಸರ್ಕಾರಿ ಆಸ್ಪತ್ರೆಗೆ ಇನ್ನೂ ಒಂದು ಮೈಲಿ ಇತ್ತು.

ಅವರ ಹಿಂದೆ, ನಡಿಗೆಯ ವೇಗದಲ್ಲಿ, ಡಾಕ್ಟರ ಕಾರು ಬರುತ್ತಿತ್ತು. ಯಾರೋ ಸುದ್ದಿ ಮುಟ್ಟಿಸಿದ್ದಕ್ಕೆ ಡಾಕ್ಟರು ತೋಡಿನ ತನಕ ಎದುರಿಗೆ ಹೋಗಿದ್ದರಂತೆ. ನನ್ನನ್ನು ಕಂಡು ಕಾರು ನಿಲ್ಲಿಸಿ, ಕಿಟಕಿಯಿಂದ ತಲೆ ಹಾಕಿದರು. ಅವರ ಮುಖ ಬೆವತಿತ್ತು.

"ಮೇಸ್ತ್ರಿ, ನೀನಾದ್ರೂ ಹೇಳು. ನೋವು ಜಾಸ್ತಿ ಆಗಿದೆ ಅವಳಿಗೆ. ತೋಡಿನಿಂದ ಬೇಡ್ಕೊಳ್ತಾ ಬರ್ತಿದ್ದೀನಿ, ಹತ್ತಿಸ್ತಾ ಇಲ್ಲ. ನಿನ್ನ ಮಾತು ಕೇಳ್ತಾರೆ."

ಆ ಗಳಿಗೆಯಲ್ಲಿ ಅವರು ಸುಳ್ಳು ಆಡುತ್ತಿರಲಿಲ್ಲ. ನಾನು ಓಡಿಹೋಗಿ ಅಜ್ಜನ ಪಕ್ಕ ಹೆಜ್ಜೆ ಹಾಕಿದೆ. ಜೋಲಿಯೊಳಗೆ ಅವಳು ಹಲ್ಲು ಕಚ್ಚಿ ಬಿದಿರು ಹಿಡಿದಿದ್ದಳು.

"ಅಜ್ಜ, ಕಾರಿದೆ. ಐದು ನಿಮಿಷಕ್ಕೆ ಆಸ್ಪತ್ರೆ. ಹತ್ತಿಸಿ, ನಾನೂ ಜೊತೇಲಿ ಕೂರ್ತೀನಿ."

ಅಜ್ಜ ನಿಲ್ಲಲಿಲ್ಲ. ನನ್ನ ಕಡೆ ತಿರುಗಿ ಕೇಳಿದ: "ಅವರು ಯಾರ ಮಾತಿನವರು ಮೇಸ್ತ್ರಿ?"

ನಾನೇ ಕೊಟ್ಟ ಮಾತನ್ನು ಅವನು ಇಷ್ಟು ದಿನ ಇಟ್ಟುಕೊಂಡು ವಾಪಸು ಕೊಟ್ಟಿದ್ದ. ಜೋಲಿಯೊಳಗಿಂದ ಅವಳು ತಲೆ ಎತ್ತಿ, "ಅದ್ರಲ್ಲಿ ಬ್ಯಾಡ. ನಡೀರಿ," ಅಂದಳು.

ಹಿಂದೆ ಹೊತ್ತಿದ್ದವರಲ್ಲಿ ಒಬ್ಬನ ಭುಜ ತರಚಿ ಹೋಗಿತ್ತು. ಅವನ ಕೈಯಿಂದ ಬಿದಿರು ತೆಗೆದುಕೊಂಡು ನಾನು ಹೆಗಲು ಕೊಟ್ಟೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಆಸ್ಪತ್ರೆಯ ಬಾಗಿಲಿಗೆ ಹೋದ ಅರ್ಧ ಗಂಟೆಗೆ ಹೆಣ್ಣುಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಉಳಿದರು. ಆ ಒಂದು ಮೈಲಿಯಲ್ಲಲ್ಲ, ಕಾರು ಹತ್ತಲಾರದ ಬಂಡೆಯ ಆಚೆಯ ದಾರಿಯಲ್ಲಿ ಏನಾದರೂ ಆಗಿದ್ದರೆ ಅದು ನಾನು ಇಳಿಸಿದ ಎತ್ತರದ ಲೆಕ್ಕಕ್ಕೂ ಬರುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ದಾರಿಯಲ್ಲಿ ಒಂದೇ ಸಲ ಹಿಂತಿರುಗಿ ನೋಡಿದೆ. ಕಾರು ಇನ್ನೂ ನಮ್ಮ ಹಿಂದೆ ಬರುತ್ತಿತ್ತು. ಒಳಗೆ ಡಾಕ್ಟರು ಒಬ್ಬರೇ, ಉಳಿದ ನಾಲ್ಕು ಸೀಟು ಖಾಲಿ. ಸ್ಟೇರಿಂಗ್ ಮೇಲೆ ಕೈ ಸುಮ್ಮನೆ ಇಟ್ಟಿದ್ದರು. ಚಕ್ರಗಳು ಎಡಕ್ಕೂ ಎಳೆಯದೆ, ಬಲಕ್ಕೂ ಎಳೆಯದೆ, ನಾನು ಹೊಂದಿಸಿಕೊಟ್ಟ ಹಾಗೆಯೇ, ಒಬ್ಬನ ಭಾರಕ್ಕೆ ನೇರವಾಗಿ ಉರುಳುತ್ತಿದ್ದವು.